ದಣಿವಿಲ್ಲದ ಕಂಪನಿ

ನಮ್ಮ ಕಂಪನಿಯಲ್ಲಿ ದಣಿದವರು ಒಬ್ಬರೂ ಇಲ್ಲ. ಈ ವಾಕ್ಯ ನಮ್ಮ ಮಾನವ ಹಕ್ಕುಗಳ ಪುಸ್ತಕದ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿದೆ. ಪುಸ್ತಕದ ಹೆಸರು 'ನಮ್ಮ ಜನ, ನಮ್ಮ ಹೊಣೆ'. ಎಂಬತ್ತನಾಲ್ಕು ಪುಟ, ಒಳ್ಳೆಯ ಕಾಗದ, ಹೊದಿಕೆಯ ಮೇಲೆ ಒಂದೇ ಛತ್ರಿಯ ಕೆಳಗೆ ಒತ್ತಿಕೊಂಡು ನಗುತ್ತಿರುವ ಐದು ಜನ. ಎಲ್ಲೋ ದೂರದ ಮುಖ್ಯ ಕಚೇರಿಯಲ್ಲಿ ಬರೆದ ಅದನ್ನು ಕನ್ನಡಕ್ಕೆ ಇಳಿಸಿದವಳು ನಾನು. ಆದ್ದರಿಂದ ಮುಂದೆ ಹೇಳುವುದನ್ನು ಕೇಳಿ ಯಾರಿಗಾದರೂ ಸಿಟ್ಟು ಬಂದರೆ, ಅದರಲ್ಲಿ ನನ್ನ ಪಾಲನ್ನೂ ಎತ್ತಿಡಬೇಕು.

ನಮ್ಮೂರಿನಲ್ಲಿ ದಣಿವನ್ನು ಒಬ್ಬರು ಇನ್ನೊಬ್ಬರಿಗೆ ಕೊಡಬಹುದು. ದಣಿದವರು ಎದುರಿನವರ ಮಣಿಕಟ್ಟು ಹಿಡಿದು "ತಗೊಳ್ತೀರಾ?" ಎಂದು ಕೇಳಬೇಕು. ಅವರು "ಕೊಡಿ" ಎಂದರೆ ಮುಗಿಯಿತು. ಕೊಟ್ಟವರು ಹಗುರ, ತೆಗೆದುಕೊಂಡವರ ಮೊಣಕಾಲು ತಾನಾಗಿಯೇ ಮಡಚಿಕೊಳ್ಳುತ್ತದೆ. ಒಪ್ಪದಿದ್ದರೆ ಎಷ್ಟು ಹೊತ್ತು ಹಿಡಿದು ನಿಂತರೂ ಏನೂ ಆಗುವುದಿಲ್ಲ. ತೆಗೆದುಕೊಂಡದ್ದು ನಿದ್ದೆಯಲ್ಲಿ ಮಾತ್ರ ಕರಗುತ್ತದೆ. ಇದು ಎಂದಿನಿಂದ ಹೀಗೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಬಳೆ ತೊಡಿಸುವ ಸಾಬರು "ಬಾಯಿ ಮುಚ್ಕೊಂಡು ಕೈ ಕೊಡ್ರಮ್ಮಾ" ಎಂದು ಮೊದಲೇ ಎಚ್ಚರಿಸುತ್ತಾರೆ. ಸಂಜೆಯ ಹೊತ್ತು ಡಾಕ್ಟರು ನಾಡಿ ಹಿಡಿದು ಏನು ಕೇಳಿದರೂ ರೋಗಿಗಳು ತಲೆ ಅಲ್ಲಾಡಿಸುತ್ತಾರೆಯೇ ಹೊರತು ತುಟಿ ಬಿಚ್ಚುವುದಿಲ್ಲ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, "ಎಷ್ಟು ಜನರದ್ದು ತಡೀತಾಳೆ?" ಎಂದು ಕೇಳುತ್ತಾರೆ. ನಮ್ಮ ಅಜ್ಜಿ ಏಳು ಜನರದ್ದು ತಡೆಯುತ್ತಿದ್ದರಂತೆ. ಬಹಳ ಶಾಂತ ಸ್ವಭಾವದವರು ಎಂದು ಎಲ್ಲರೂ ಹೊಗಳುತ್ತಾರೆ; ಅವರು ಕಣ್ಣು ಬಿಟ್ಟದ್ದನ್ನು ನಾನು ನೋಡಿದ ನೆನಪಿಲ್ಲ.

ಕಂಪನಿ ಛತ್ರಿ ಮಾಡುತ್ತದೆ. ನಮ್ಮೂರಲ್ಲಿ ಮಳೆ ಅಷ್ಟಕ್ಕಷ್ಟೇ, ಆದರೆ ಕಡಲಾಚೆ ದಿನವೂ ಸುರಿಯುವ ದೇಶಗಳಿವೆಯಂತೆ, ಛತ್ರಿಗಳೆಲ್ಲ ಅಲ್ಲಿಗೆ ಹೋಗುತ್ತವೆ. ಆ ದೇಶದವರು ಭಾರಿ ಸೂಕ್ಷ್ಮ ಜನ. ಯಾರನ್ನೋ ದಣಿಸಿ ಮಾಡಿದ ಛತ್ರಿಯನ್ನು ಅವರು ಬಿಚ್ಚುವುದೇ ಇಲ್ಲವಂತೆ. ಹೀಗಾಗಿ ದಿನವೂ ಸಂಜೆ ಐದಕ್ಕೆ ಗೇಟಿನ ಬಳಿ ಪ್ರತಿಯೊಬ್ಬ ಕೆಲಸಗಾರನೂ ಪಕ್ಕದ ಕಂಬಿ ಮುಟ್ಟದೆ ಏಳು ಮೆಟ್ಟಿಲು ಹತ್ತಿ ಇಳಿದು ತೋರಿಸಬೇಕು. ಎಲ್ಲರೂ ಜಿಂಕೆಗಳ ಹಾಗೆ ಹತ್ತಿ ಇಳಿಯುತ್ತಾರೆ. ಯಾಕೆಂದರೆ ನಾಲ್ಕೂವರೆಗೆ ಅವರೆಲ್ಲ ತಮ್ಮ ದಣಿವನ್ನು ದಾಟಿಸಿ ಬಂದಿರುತ್ತಾರೆ. ಕಚೇರಿಯವರು ಮಧ್ಯಾಹ್ನವೇ ತಮ್ಮದನ್ನು ಕಾರ್ಖಾನೆಯವರಿಗೆ ದಾಟಿಸಿರುತ್ತಾರೆ, ಕಾರ್ಖಾನೆಯವರು ಕಂತ್ರಾಟುದಾರ ಗುರುಮಲ್ಲಪ್ಪ ಒದಗಿಸುವ 'ಸೌಖ್ಯ ಸಹಾಯಕಿ'ಯರಿಗೆ ದಾಟಿಸುತ್ತಾರೆ. ನಮ್ಮ ಮಾನವ ಹಕ್ಕುಗಳ ವಿಭಾಗದ ಮುಖ್ಯಸ್ಥರಾದ ದಿಗಂಬರ ರಾಯರ ಕೋಣೆಯ ಗೋಡೆಯ ಮೇಲೆ ಇದರದ್ದೊಂದು ನಕ್ಷೆ ಇದೆ. ಹಸಿರು ಡಬ್ಬಿ, ಹಸಿರು ಬಾಣ, ಮತ್ತೆ ಹಸಿರು ಡಬ್ಬಿ. ಕೊನೆಯ ಬಾಣ ಬೀರುವಿನ ಹಿಂದೆ ಹೋಗುತ್ತದೆ. "ಸರ್, ಇದರಾಚೆ ಏನಿದೆ?" ಎಂದು ಒಮ್ಮೆ ಕೇಳಿದ್ದೆ. "ಬೀರು ಸರಿಸೋಕೆ ನಾಲ್ಕು ಜನ ಬೇಕು ವಾರಿಜಾ," ಎಂದರು ರಾಯರು.

ಬೀರುವಿನ ಹಿಂದೆ ಇದ್ದವಳು ಚಿಕ್ಕತಾಯಮ್ಮ. ಒಂದು ಸೋಮವಾರ ಮಧ್ಯಾಹ್ನ ಮೂರೂಮುಕ್ಕಾಲಿಗೆ ನನ್ನ ಮೇಜಿನ ಮುಂದೆ ಬಂದು, ಗೋಡೆಗೆ ಒರಗಿ, ಅರ್ಧ ಕಣ್ಣು ಮುಚ್ಚಿಕೊಂಡೇ ಮಾತು ಶುರು ಮಾಡಿದಳು.

"ಅವ್ವಾ, ಸುಕ್ರುವಾರ ನನ್ ಎರಡ್ನೇ ಮಗ್ಳು ಮದ್ವೆ. ಗುರುವಾರ ಒಂದಿನ ನಂಗೆ ಬ್ಯಾಡ ಅಂತ ಬರ್ಕೊಡಿ."

"ಏನು ಬೇಡ?"

"ಅದೇಯ. ಇವ್ರ್ದೆಲ್ಲ."

ಕೇಳುತ್ತಾ ಹೋದಂತೆ ತಿಳಿಯಿತು. ಛತ್ರಿಯ ಕಡ್ಡಿ ಬಗ್ಗಿಸುವ ವಿಭಾಗದ ನಲವತ್ತೆರಡು ಜನರಿಗೂ ಇವಳೊಬ್ಬಳೇ. ಹನ್ನೊಂದು ವರ್ಷದಿಂದ. ಸಂಜೆ ನಾಲ್ಕೂವರೆಗೆ ಕಡ್ಡಿ ಗೋದಾಮಿನ ಹಿಂದಿನ ಕೊಟ್ಟಿಗೆಯಲ್ಲಿ ನಲವತ್ತೆರಡು ಸಲ "ಕೊಡಿ" ಎಂದು ಚಾಪೆಯ ಮೇಲೆ ಉರುಳಿದರೆ ಮಾರನೆಯ ಮಧ್ಯಾಹ್ನ ಮೂರಕ್ಕೆ ಏಳುತ್ತಾಳೆ. ಮನೆಗೆ ಹೋಗಿ ಉಂಡು ಬರುವಷ್ಟರಲ್ಲಿ ಮತ್ತೆ ನಾಲ್ಕೂವರೆ. ದಿನಕ್ಕೆ ಒಂದೂವರೆ ಗಂಟೆ ಎಚ್ಚರ, ಅದೂ ಪೂರ್ತಿ ಎಚ್ಚರವಲ್ಲ. ಭಾನುವಾರ ಕಾರ್ಖಾನೆಗೆ ರಜೆ. ಅವತ್ತು ಉಳಿದದ್ದನ್ನು ಮಲಗಿ ತೀರಿಸುತ್ತಾಳೆ, ತೀರುವುದಿಲ್ಲ.

"ದೊಡ್ಡೋಳ್ ಧಾರೇಲಿ ನಮ್ಮ್ ಯಜಮಾನ್ರೇ ನನ್ ಕೈ ಹಿಡ್ಕಂಡು ನೀರು ಬುಡ್ಸುದ್ರಂತೆ. ನಾನು ನಿಂತಂಗೇ ನಿದ್ದೆ. ಅಳಿಯನ್ ಮೊಕ ಸರ್ಯಾಗ್ ನೋಡಿದ್ದು ಮೂರ್ ತಿಂಗ್ಳಾದ್ ಮ್ಯಾಲೆ. ಕಿವಿ ಅಷ್ಟ್ ದೊಡ್ಡವು ಅಂತ ಒಬ್ರೂ ಯೋಳಿರ್ಲಿಲ್ಲ." ಒಂದು ಕ್ಷಣ ಪೂರ್ತಿ ಕಣ್ಣು ಬಿಟ್ಟಳು. "ಇವ್ಳ್ದಾದ್ರೂ ನೋಡ್ಬೇಕು ಕಣವ್ವ. ಬೆಳಿಗ್ಗೆ ಹತ್ತೂಕಾಲ್ಗೆ ಧಾರೆ."

ಇದೇನು ದೊಡ್ಡ ಕೆಲಸ ಎಂದುಕೊಂಡು ನಾನು ರಾಯರ ಕೋಣೆಗೆ ಹೋದೆ. ಆ ಭಾವನೆ ಬಂದಾಗಲೇ ನಾನು ಕುರ್ಚಿಯಲ್ಲಿ ಕೂತು ಹತ್ತರವರೆಗೆ ಎಣಿಸಬೇಕಿತ್ತು.

"ಆಕೆ ನಮ್ಮ ನೌಕರಳಲ್ಲ ವಾರಿಜಾ," ಎಂದರು ರಾಯರು.

"ಪುಸ್ತಕದಲ್ಲಿ 'ನಮ್ಮ ವ್ಯವಹಾರ ಮುಟ್ಟುವ ಪ್ರತಿಯೊಬ್ಬರೂ' ಅಂತ ಇದೆ ಸರ್."

"ಆಕೆ ವ್ಯವಹಾರ ಮುಟ್ಟಲ್ವಲ್ಲ. ವ್ಯವಹಾರ ಮುಟ್ಟಿದವರನ್ನ ಮುಟ್ತಾಳೆ. ಬೇರೆ ವಿಷಯ ಅದು." ರಾಯರು ಕೆಟ್ಟವರಲ್ಲ. ಮಾನವ ಹಕ್ಕುಗಳ ವಿಷಯ ಮಾತಾಡುವಾಗ ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬರುತ್ತದೆ, ನಾನು ನೋಡಿದ್ದೇನೆ. "ಆದರೂ ಕೈ ಬಿಡೋದು ಬೇಡ. ಒಂದು ದೂರು ಬರೆಸಿಕೊಳ್ಳಿ. ಹತ್ತೊಂಬತ್ತನೇ ನಿಯಮ ಮಾತ್ರ ನೋಡ್ಕೊಳ್ಳಿ."

ಹತ್ತೊಂಬತ್ತನೇ ನಿಯಮ ನನಗೆ ಬಾಯಿಪಾಠ. ದಣಿದ ಸ್ಥಿತಿಯಲ್ಲಿರುವವರಿಂದ ದೂರನ್ನು ಸ್ವೀಕರಿಸಬಾರದು. ಅದು ಅವರ ಸ್ವತಂತ್ರ ಇಚ್ಛೆಯಿಂದ ಬಂದದ್ದೆಂದು ನಂಬಲಾಗದು. ಅನುವಾದ ಮಾಡುವಾಗ, ಎಷ್ಟು ಉದಾತ್ತವಾಗಿ ಯೋಚಿಸಿದ್ದಾರಲ್ಲ ಎಂದು ಮೆಚ್ಚಿ, 'ಇಚ್ಛೆ'ಯ ಹಿಂದೆ 'ಸ್ವತಂತ್ರ' ಸೇರಿಸಿದವಳೂ ನಾನೇ.

"ಸರ್, ಆಕೆ ಯಾವಾಗಲೂ ದಣಿದೇ ಇರ್ತಾಳೆ."

"ದಣಿವಿಲ್ಲದಾಗ ಬರಲಿ."

"ದಣಿವಿಲ್ಲದಿದ್ರೆ ದೂರು ಏನಿರುತ್ತೆ?"

"ನೋಡಿದ್ರಾ!" ಎಂದರು ರಾಯರು, ನನಗೇ ಏನೋ ಹೊಳೆದಿದೆ ಎನ್ನುವ ಹಾಗೆ ಸಂತೋಷಪಟ್ಟು. "ಅಂದ್ರೆ ಸಮಸ್ಯೆಯೇ ಇಲ್ಲ."

ಮಂಗಳವಾರ ಸಹಾಯವಾಣಿಗೆ ಫೋನು ಮಾಡಿದೆ. ಅಲ್ಲಿದ್ದ ಹೆಣ್ಣು ದನಿ ಚಿಕ್ಕತಾಯಮ್ಮನ ನೌಕರಿ ಸಂಖ್ಯೆ ಕೇಳಿತು. ಇಲ್ಲವೆಂದೆ. ಹಾಗಾದರೆ ನೌಕರಿ ಸಂಖ್ಯೆ ಇಲ್ಲ ಎಂಬ ದೂರನ್ನು ದಾಖಲಿಸಲೇ ಎಂದಿತು. ದಾಖಲಿಸಿ ಎಂದೆ. ಅದಕ್ಕೆ ನೌಕರಿ ಸಂಖ್ಯೆ ಕೇಳಿತು. ಬುಧವಾರ ಗುರುಮಲ್ಲಪ್ಪನನ್ನೇ ಹುಡುಕಿಕೊಂಡು ಹೋದೆ. ಆತ ಗೋದಾಮಿನ ಜಗುಲಿಯಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದ.

"ಯಾರೂ ಬಲವಂತ ಮಾಡಿಲ್ಲ ಮೇಡಂ," ಎಂದ. "'ಕೊಡಿ' ಅಂತ ಆಯಮ್ಮನೇ ಬಾಯ್ಬುಟ್ಟು ಯೋಳ್ಬೇಕು. ಯೋಳ್ತಾವ್ಳೆ. ಹನ್ನೊಂದ್ ವರ್ಸದಿಂದ ದಿನಾ ನಲ್ವತ್ತೆರಡ್ ಸಲ ಯೋಳ್ತಾವ್ಳೆ. ಇಷ್ಟು ಒಪ್ಗೆ ಯಾವ್ ದೇಸದಲ್ಲಿ ಸಿಗ್ತದೆ ನೀವೇ ಯೋಳಿ."

"ಒಂದು ದಿನ ಹೇಳದೇ ಇದ್ರೆ?"

"ಮಾರ್ನೇ ದಿನದಿಂದ ಬರೋದ್ ಬ್ಯಾಡ. ಬರ್ದೇ ಇರೋದೂ ಅವ್ಳ ಹಕ್ಕೇ ಅಲ್ವಾ?" ಒಂದು ಕಾಳು ಬಾಯಿಗೆ ಎಸೆದುಕೊಂಡ. "ಅದ್ರಲ್ಲೂ ಗುರುವಾರ ಆಗೋ ಮಾತೇ ಅಲ್ಲ. ಅವತ್ತು ಆಡಿಟ್ಟು. ಮೇಲಿಂದ ಕೆಳಗ್ಗಂಟ ಎಲ್ರೂ ಹೂವಿನಂಗಿರ್ಬೇಕು ಅಂತ ನಿಮ್ ರಾಯ್ರೇ ಯೋಳವ್ರೆ."

ಆಡಿಟ್ಟು ಎಂದಾಗ ನನ್ನ ತಲೆಯಲ್ಲಿ ದೀಪ ಹತ್ತಿತು. ನನ್ನ ತಲೆಯಲ್ಲಿ ಹತ್ತುವ ದೀಪಗಳ ವಿಷಯದಲ್ಲಿ ಈಗ ನನಗೆ ಅಷ್ಟು ಗೌರವವಿಲ್ಲ, ಆಗ ಇತ್ತು. ಪ್ರತಿ ವರ್ಷ ಹೊರಗಿನಿಂದ ಒಬ್ಬರು ಬಂದು, ಯಾರಾದರೂ ಒಬ್ಬ ಕೆಲಸಗಾರರನ್ನು ಕರೆಸಿ ಖುದ್ದಾಗಿ ಮಾತಾಡಿಸುತ್ತಾರೆ. ಆ ಒಬ್ಬರನ್ನು ಕರೆತರುವ ಕೆಲಸ ನನ್ನದು. ಚಿಕ್ಕತಾಯಮ್ಮನನ್ನೇ ಕರೆದೊಯ್ದರೆ? ದಣಿದವಳ ಮಾತು ನಡೆಯುವುದಿಲ್ಲ, ನಿಜ. ಹಾಗಾದರೆ ಆಕೆಯ ದಣಿವನ್ನು ಹತ್ತು ನಿಮಿಷದ ಮಟ್ಟಿಗೆ ಯಾರಾದರೂ ತೆಗೆದುಕೊಂಡರಾಯಿತು. ಹಕ್ಕುಗಳ ವಿಭಾಗದವರು ದಣಿವು ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ, ತಟಸ್ಥರಾಗಿರಬೇಕು ಎಂದು ನಿಯಮವಿದೆ. ಹನ್ನೆರಡು ವರ್ಷ ತಟಸ್ಥಳಾಗಿದ್ದೆ. ಒಂದು ಮಧ್ಯಾಹ್ನ ಆಗದಿದ್ದರೆ ಯಾರ ಗಂಟು ಹೋಗುತ್ತದೆ?

ಗುರುವಾರ ಮೂರೂಕಾಲಿಗೆ, ಸಭಾಕೋಣೆಯ ಹೊರಗಿನ ಓಣಿಯಲ್ಲಿ ಚಿಕ್ಕತಾಯಮ್ಮನನ್ನು ನಿಲ್ಲಿಸಿ, "ನನ್ನ ಕೈ ಹಿಡಿದು ಕೇಳಿ," ಎಂದೆ.

"ನಿಮ್ಗ್ ಆಗಾಕಿಲ್ಲ ಕಣವ್ವ. ಹಳೇದೂ ಐತೆ."

"ಕೇಳಿ ಅಂದ್ರೆ ಕೇಳಿ."

"ತಗತೀರಾ?"

"ಕೊಡಿ."

ನಲವತ್ತೆರಡು ಜನರ ದಣಿವು ಒಂದೇ ಥರ ಇರುತ್ತದೆ ಎಂದುಕೊಂಡಿದ್ದೆ. ಇಲ್ಲ. ಕಡ್ಡಿ ಬಗ್ಗಿಸುವವರದ್ದು ಹೆಬ್ಬೆರಳಿಗೆ ಬಂದು ಕೂತಿತು, ಸುತ್ತಿಗೆಯವರದ್ದು ಭುಜಕ್ಕೆ, ತೂತು ಕೊರೆಯುವವರದ್ದು ಕಣ್ಣ ಹಿಂದೆ. ಮನೆಯಲ್ಲಿ ಯಾರೋ ಕಾಯಿಲೆ ಬಿದ್ದವರದ್ದು ಎದೆಯ ಎಡಕ್ಕೆ. ಸೊಂಟದ ಮೂಲೆಯಲ್ಲಿ ತಟಸ್ಥರಾಗಿರಬೇಕಾದ ದಿಗಂಬರ ರಾಯರದೂ ಇತ್ತು, ಗುರುತು ಸಿಕ್ಕಿತು. ಅಷ್ಟೇನೂ ಇರಲಿಲ್ಲ. ಒಳಗೆ ಹೇಗೆ ಹೋದೆನೋ, ಕುರ್ಚಿ ಹೇಗೆ ಸಿಕ್ಕಿತೋ. ಕಣ್ಣು ಮುಚ್ಚಿತು, ಕೈಕಾಲು ನನ್ನದಲ್ಲವಾಯಿತು. ಕಿವಿ ಮಾತ್ರ, ಅದು ಯಾವತ್ತೂ ನನ್ನ ಮಾತು ಕೇಳಿದ್ದಲ್ಲ, ಎಚ್ಚರವಾಗಿಯೇ ಉಳಿಯಿತು.

ಪರೀಕ್ಷೆ ಮಾಡಲು ಬಂದವರು ಕರಾವಳಿ ಕಡೆಯ ಮಿಸೆಸ್ ಸೋನ್ಸ್. ಸೌಮ್ಯ ದನಿ. "ಕೂತುಕೊಳ್ಳಿ ಅಮ್ಮ. ಹೆದರುವುದು ಬೇಡ. ಒಂದನೆಯ ಪ್ರಶ್ನೆ. ಈಗ ನಿಮಗೆ ದಣಿವು ಉಂಟಾ?"

ಆ ಪ್ರಶ್ನೆಗಳ ಫಾರ್ಮನ್ನೂ ಕನ್ನಡಕ್ಕೆ ಇಳಿಸಿದವಳು ನಾನೇ. ಒಂದನೆಯ ಪ್ರಶ್ನೆ ಏನೆಂದು ನನಗೆ ನೆನಪಿರಬೇಕಿತ್ತು.

"ಇಲ್ಲ ಕಣವ್ವ!" ಎಂದಳು ಚಿಕ್ಕತಾಯಮ್ಮ. ಅವಳ ದನಿಯೇ ಬೇರೆಯಾಗಿತ್ತು, ಯಾರೋ ಹುಡುಗಿಯದ್ದು. "ಏನಂದ್ರೆ ಏನೂ ಇಲ್ಲ. ಎಷ್ಟ್ ಹಗುರಾಗೈತೆ ಗೊತ್ತಾ!"

"ಒಳ್ಳೆಯದು. ಹಾಗಾದರೆ ಎರಡರಿಂದ ಮೂವತ್ತೊಂಬತ್ತರವರೆಗೆ ಬೇಡ. ನಲವತ್ತು. ಕುಡಿಯುವ ನೀರು ಉಂಟಾ?"

"ಐತೆ. ಆದ್ರೆ ನಾನು ಯೋಳ್ಬೇಕಂತ ಬಂದಿದ್ದು, ನೆನ್ನೆಗಂಟ..."

"ನಿನ್ನೆಯದ್ದು ಹಳೆ ಫಾರ್ಮಿನಲ್ಲಿ ಇತ್ತು ಅಮ್ಮ. ಈಗ ತೆಗೆದಿದ್ದಾರೆ." ಪೆನ್ನಿನ ಶಬ್ದ. ನಾನು ಬಾಯಿ ತೆರೆಯಲು ನೋಡಿದೆ. ನಾಲಿಗೆ ಒದ್ದೆ ಗೋಣಿಯ ಹಾಗೆ ಬಿದ್ದಿತ್ತು. ಪೆನ್ನು ನಿಂತಿತು. "ಮತ್ತೆ ಇವರು? ಈ ಕುರ್ಚಿಯಲ್ಲಿ ಇರುವವರು?"

ಮೂಲೆಯಲ್ಲಿ ಕೂತಿದ್ದ ರಾಯರ ಕುರ್ಚಿ ಕಿರುಗುಟ್ಟಿತು. "ಅವರು," ಎಂದರು ರಾಯರು, "ನಮ್ಮ ಮಾನವ ಹಕ್ಕುಗಳ ವಿಭಾಗ."

ಪೆನ್ನು ಮತ್ತೆ ಓಡಿತು, ಈ ಸಲ ನಿಲ್ಲದೆ. ಆ ವರ್ಷ ಇಡೀ ಕಂಪನಿಯಲ್ಲಿ ಸಿಕ್ಕಿದ ಒಂದೇ ಒಂದು ಉಲ್ಲಂಘನೆ ನಾನು.

ಮಿಸೆಸ್ ಸೋನ್ಸ್ ನಾಲ್ಕಕ್ಕೆ ಮುಂದಿನ ಊರಿಗೆ ಹೊರಟರು. "ಇವರನ್ನ ಮೊದಲು ಇಲ್ಲಿಂದ ತೆಗೀರಿ," ಎಂದು ರಾಯರು ಯಾರಿಗೋ ಹೇಳಿದರು. ನನ್ನನ್ನು ತೆಗೆದು ಎಲ್ಲಿಗೆ ಹಾಕುವುದು ಎಂಬ ಪ್ರಶ್ನೆ ಬಂತು. ದಣಿದವರನ್ನು ಇಡಲು ಕಂಪನಿಯಲ್ಲಿ ಇದ್ದದ್ದು ಒಂದೇ ಜಾಗ. ಕಡ್ಡಿ ಗೋದಾಮಿನ ಹಿಂದೆ, ಚಿಕ್ಕತಾಯಮ್ಮನ ಚಾಪೆಯ ಮೇಲೆ, ನನ್ನನ್ನು ಉದ್ದಕ್ಕೆ ಮಲಗಿಸಿದರು. ಅಲ್ಲಿ ನಾಲ್ಕೂವರೆಯ ಗಂಟೆ ಹೊಡೆದದ್ದು ಕೇಳಿಸಿತು, ಆಮೇಲೆ ಚಪ್ಪಲಿಗಳ ಸದ್ದು, ನಲವತ್ತೆರಡು ಜೊತೆ. ಆಗ ನನಗೆ ಹೊಳೆಯಿತು: ಆಕೆಯನ್ನು ನಾನು ಖಾಲಿ ಮಾಡಿಟ್ಟಿದ್ದೇನೆ. ಈಗ ಇವರು ತುಂಬುತ್ತಾರೆ. ನಾಳೆ ಹತ್ತೂಕಾಲಿಗೆ ಮತ್ತೆ ಯಾರೋ ಆಕೆಯ ಕೈ ಹಿಡಿದು ನೀರು ಬಿಡಿಸುತ್ತಾರೆ. ನಾನು ಮಾಡಿದ್ದೇನು? ಪಾತ್ರೆ ತೊಳೆದು ಕೊಟ್ಟೆ, ಅಷ್ಟೆ.

ಸಾಲಿನಲ್ಲಿ ಮೊದಲನೆಯವನು ಜವರಯ್ಯ, ಕಡ್ಡಿ ವಿಭಾಗಕ್ಕೆ ಹಿರಿಯ. "ತಗತೀಯಾ ತಾಯಮ್ಮ?"

ಚಿಕ್ಕತಾಯಮ್ಮ, "ಜವರಣ್ಣ, ನಿನ್ ಮೀಸೆ ಯಾವಾಗ್ ಬೆಳ್ಳಗಾಯ್ತು?" ಎಂದಳು.

"ಆರೇಳ್ ವರ್ಸ ಆಯ್ತು ಕಣಮ್ಮಿ."

"ದಿನಾ ಬಂದು ಕೈ ಹಿಡೀತೀಯ. ಒಂದ್ ಮಾತ್ ಯೋಳ್ಬಾರ್ದಾ." ಆಮೇಲೆ ಸಾಲಿನಲ್ಲಿ ಒಬ್ಬೊಬ್ಬರನ್ನೇ ನೋಡುತ್ತಿದ್ದಿರಬೇಕು. "ನಾಳೆ ನನ್ ಮಗ್ಳು ಮದ್ವೆ. ಇವತ್ತು ನಂಗೆ ಬ್ಯಾಡ."

"ಏಯ್, ಬ್ಯಾಡ ಅಂದ್ರೆ?" ಇದು ಗುರುಮಲ್ಲಪ್ಪನ ದನಿ, ಬಾಯಲ್ಲಿ ಕಡಲೆಕಾಯಿ. "ಖಾಲಿ ನಿಂತಿದೀಯಲ್ಲ!"

"ಖಾಲಿ ಇವ್ನಿ ಅಂತ್ಲೇ ಬ್ಯಾಡ ಅಂತಿರೋದು."

"ಹಂಗಾರೆ ನಾಳೆಯಿಂದ ಬರ್ಬ್ಯಾಡ."

"ನಾಳೆ ಬರಾಕಾಗಲ್ಲ ಅಂತ್ಲೇ ಅಲ್ವಾ ನಾನೂ ಯೋಳ್ತಾ ಇರೋದು? ಕಿವಿ ಕೇಳಾಕಿಲ್ವಾ ನಿಂಗೆ?"

ಆ ನಲವತ್ತೆರಡು ಜನವೂ ಪಾಪದವರೇ, ಗೇಟಿನಲ್ಲಿ ಮೆಟ್ಟಿಲು ಹತ್ತಲಾಗದಿದ್ದರೆ ಅವರ ಹೆಸರಿನ ಮುಂದೆ ಕೆಂಪು ಗೀಟು ಬೀಳುತ್ತದೆ. ಅವರಲ್ಲಿ ಒಬ್ಬ ಗದರಿದ್ದರೆ, ಇಲ್ಲವೇ ಕಾಲು ಹಿಡಿದಿದ್ದರೆ, ಆಕೆ "ಕೊಡಿ" ಎಂದುಬಿಡುತ್ತಿದ್ದಳು ಎಂದು ಈಗಲೂ ನನಗೆ ಅನುಮಾನ. ಜವರಯ್ಯ ಆಕೆಯ ಮಣಿಕಟ್ಟು ಬಿಟ್ಟಾಗ ಬಳೆಗಳು ಕೆಳಗೆ ಜಾರುವ ಸದ್ದು ಬಂತು.

"ಮದ್ವೆ ಎಲ್ಲಿ?" ಎಂದು ಕೇಳಿದ ಜವರಯ್ಯ.

ಆಮೇಲೆ ನನ್ನ ಕಿವಿಯೂ ಮುಚ್ಚಿತು. ನಂತರದ್ದು ಬೇರೆಯವರು ಹೇಳಿದ್ದು. ಗೇಟಿನಲ್ಲಿ ಕಡ್ಡಿ ವಿಭಾಗದವರು ಒಬ್ಬರೂ ಮೂರನೇ ಮೆಟ್ಟಿಲು ದಾಟಲಿಲ್ಲವಂತೆ. ಕಾವಲಿನವನು ಹೆದರಿ ಪರೀಕ್ಷೆಯನ್ನೇ ಬರೆದುಕೊಳ್ಳಲಿಲ್ಲವಂತೆ. ಶುಕ್ರವಾರ ಬೆಳಿಗ್ಗೆ ಚಿಕ್ಕತಾಯಮ್ಮನ ಗಂಡ ಮಾದಯ್ಯ ನನ್ನನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ, ಎಣ್ಣೆ ಗಾಣದ ಪಕ್ಕದ ಛತ್ರದಲ್ಲಿ, ಅಡುಗೆಮನೆಯ ಬಾಗಿಲ ಬಳಿ ಒಂದು ಕುರ್ಚಿಗೆ ಒರಗಿಸಿದನಂತೆ. ಧಾರೆಯ ಹೊತ್ತಿಗೆ ನಾನು ಗೊರಕೆ ಹೊಡೆಯುತ್ತಿದ್ದೆನಂತೆ. ಈ ಮಾತನ್ನು ನಾನು ನಂಬುವುದಿಲ್ಲ.

ಎಚ್ಚರವಾದಾಗ ಊಟದ ಪಂಕ್ತಿ ಕೂತಿತ್ತು. ಕೂತಿತ್ತು ಎಂದರೆ, ಹೆಣ್ಣಿನ ಕಡೆಯವರು ಒರಗಿದ್ದರು. ಕಡ್ಡಿ ವಿಭಾಗದ ನಲವತ್ತೆರಡು ಜನವೂ ಅವತ್ತಿನ ಕೆಲಸ ಬಿಟ್ಟು ಬಂದಿದ್ದರು, ಹೊಸ ಪಂಚೆ, ಹೊಸ ಸೀರೆ, ತಮ್ಮ ತಮ್ಮ ದಣಿವು ತಮ್ಮ ತಮ್ಮ ಮೈಮೇಲೆ. ಕೆಲವರಿಗೆ ಅದು ಅಭ್ಯಾಸವೇ ತಪ್ಪಿಹೋಗಿತ್ತು. ಒಬ್ಬ ಎಲೆಗೆ ಉಪ್ಪು ಬೀಳುವ ಮುಂಚೆಯೇ ನಿದ್ದೆ ಹೋಗಿದ್ದ, ಇನ್ನೊಬ್ಬ ಅನ್ನ ಕಲಸುತ್ತಾ ಕೈ ಅಲ್ಲೇ ಬಿಟ್ಟು ಪಕ್ಕದವನ ಹೆಗಲಿಗೆ ತಲೆ ಕೊಟ್ಟಿದ್ದ. ಗಂಡಿನ ಕಡೆಯ ಮುದುಕಿಯೊಬ್ಬಳು "ಇದೇನು ಮದ್ವೆಮನೆಯೋ ಆಸ್ಪತ್ರೆಯೋ" ಎಂದು ಗೊಣಗುತ್ತಿದ್ದಳು. ಬಡಿಸಬೇಕಾದವರೂ ಅದೇ ವಿಭಾಗದವರಾದ್ದರಿಂದ ಸಾರಿನ ಬಕೆಟ್ಟು ನಡುವೆ ಅನಾಥವಾಗಿ ನಿಂತಿತ್ತು.

ಆ ಹೊತ್ತಿಗೆ ದಿಗಂಬರ ರಾಯರು ಬಂದರು. ನಾನು ಇನ್ನು ಮುಂದೆ ದಣಿಯುವುದಿಲ್ಲ ಎಂಬ ಮುಚ್ಚಳಿಕೆಗೆ ನನ್ನ ಸಹಿ ಬೇಕಿತ್ತು, ಅದೇ ದಿನ ಮುಖ್ಯ ಕಚೇರಿಗೆ ಹೋಗಬೇಕಂತೆ. ಅವರು ಕಾಗದ ಬಿಚ್ಚುವ ಮೊದಲೇ ಚಿಕ್ಕತಾಯಮ್ಮ ಎಲ್ಲಿಂದಲೋ ನುಗ್ಗಿ ಬಂದಳು. ಇಡೀ ಛತ್ರದಲ್ಲಿ ಅವಳ ದನಿಯೇ ದನಿ. "ಸ್ವಾಮಿ, ನಿಂತೇ ಇದೀರಲ್ಲ, ಹಿಡೀರಿ!" ಎಂದು ಬಕೆಟ್ಟನ್ನು ಅವರ ಕೈಗೆ ಕೊಟ್ಟು, ಸೌಟು ಕೊಟ್ಟು, ಪಂಕ್ತಿ ತೋರಿಸಿ ಹೋದಳು. ರಾಯರು ಹಿಡಿದರು. ಬೇರೇನು ಮಾಡುತ್ತಾರೆ? ಮದುವೆಮನೆಯಲ್ಲಿ ಬಕೆಟ್ಟು ಬೇಡ ಎನ್ನುವುದು ಹೇಗೆಂದು ಎಂಬತ್ತನಾಲ್ಕು ಪುಟದಲ್ಲಿ ಎಲ್ಲೂ ಬರೆದಿಲ್ಲ.

ಎರಡು ಸಾಲು ಬಗ್ಗಿ ಬಗ್ಗಿ ಬಡಿಸುವಷ್ಟರಲ್ಲಿ ಅವರ ಮುಖ ಬೆವರಿತ್ತು. ಅಷ್ಟರಲ್ಲಿ ಚಿಕ್ಕತಾಯಮ್ಮ ನನ್ನ ಪಕ್ಕ ನೆಲದ ಮೇಲೆ ಕೂತು, ನನ್ನ ಮೊಣಕಾಲು ಅಲ್ಲಾಡಿಸಿ ಅಲ್ಲಾಡಿಸಿ ಬೆಳಗಿನಿಂದ ಕಂಡದ್ದನ್ನೆಲ್ಲ ಹೇಳಲು ಶುರು ಮಾಡಿದ್ದಳು. ಓಲಗದವನಿಗೆ ಒಂದು ಹಲ್ಲಿಲ್ಲ. ಅಳಿಯನ ಕಿವಿ ಈ ಸಲ ಪರವಾಗಿಲ್ಲ. ಈ ಸಲ ನೀರು ಬಿಟ್ಟದ್ದು ತಾನೇ, ಮಾದಯ್ಯ ಕೈ ಹಿಡಿಯಬೇಕಾಗಲಿಲ್ಲ. ನನ್ನ ಕಣ್ಣು ಎಳೆಯುತ್ತಿತ್ತು. "ಮಲಗ್ಬ್ಯಾಡಿ ಕಣವ್ವ, ಇನ್ನೂ ಐತೆ," ಎಂದು ಮತ್ತೆ ಅಲ್ಲಾಡಿಸಿದಳು.

ರಾಯರು ಬಂದು ಆಕೆಯ ಹಿಂದೆ ನಿಂತರು. ನಡು ಹಿಡಿದುಕೊಂಡಿದ್ದರು. ಅಭ್ಯಾಸಬಲ ಎನ್ನಬೇಕು, "ತಗೊಳ್ತೀಯೇನಮ್ಮಾ?" ಎಂದು ಬಗ್ಗಿ ಆಕೆಯ ಮಣಿಕಟ್ಟು ಹಿಡಿದರು.

"ವಸಿ ತಡೀರಿ ಸ್ವಾಮಿ, ಮಾತಾಡ್ತಾ ಇವ್ನಿ," ಎಂದು ಆಕೆ ತಿರುಗಿ ಕೂಡ ನೋಡದೆ ಕೈ ಬಿಡಿಸಿಕೊಂಡಳು. ಮುಂದಿನದನ್ನು ತೋರಿಸಲು ಅವಳಿಗೆ ಎರಡೂ ಕೈ ಬೇಕಿತ್ತು. "ಇಂಗೆ ತಂಬಿಗೆ ಎತ್ತಿದ್ನಾ? ನೀರು ಇನ್ನೂ ಬಿದ್ದಿಲ್ಲ. ಅಷ್ಟ್ರಲ್ಲಿ ಇವ್ಳು, ನನ್ ಮಗ್ಳು, ತಲೆ ತಗ್ಗಿಸ್ಕೊಂಡು ಕುಂತಿದ್ದೋಳು, ಓರೆಗಣ್ಣಲ್ಲಿ ನನ್ ಕಡೀಕ್ ನೋಡುದ್ಲು ಕಣವ್ವ. ನಾನು ಎದ್ದಿವ್ನೋ ಇಲ್ವೋ ಅಂತ ನೋಡುದ್ಲು."